ಹಾರ್ಟ್ ಇಮೇಜಿಂಗ್ ಕಾನ್ಫರೆನ್ಸ್‌ಗೆ ಯಾಕ ಹೋಗಬೇಕು, ಹೆಂಗ ಹೋಗಬೇಕು

ನಮ್ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡೋ ಡಾಕ್ಟರ್‌ಗಳ ಮುಂದ ಕಾನ್ಫರೆನ್ಸ್ ಮಾತು ತಗದ್ರ ಸಾಕು, "ಮೂರು ದಿನ ಓಪಿಡಿ ಬಂದ್ ಮಾಡಿ ಯಾರ್ ಹೋಗ್ತಾರ, ಎಲ್ಲಾ ಯೂಟ್ಯೂಬ್‌ನಾಗ ಐತಲ್ರೀ" ಅಂತಾರ. ನಾನೂ ಆರೇಳು ವರ್ಷ ಹಿಂಗ ಅಂದ್ಕೊಂತ ಕುಂತಾವನ. ಲೆಕ್ಚರ್ ಅಷ್ಟ ಬೇಕಂದ್ರ ಯೂಟ್ಯೂಬ್ ಸಾಕು, ಸುಳ್ಳು ಯಾಕ ಹೇಳ್ಲಿ. ಆದ್ರ ವಿಡಿಯೋದಾಗ ಸ್ಕ್ರೀನ್ ಕಾಣ್ತೈತಿ, ಕೈ ಕಾಣಂಗಿಲ್ಲ. ಎಕೋ ಅಂಬೋದು ಕೈ ಕೆಲಸ, ರೊಟ್ಟಿ ಬಡಿಯೋದು ಇದ್ದಂಗ, ನೋಡಿ ಕಲಿಬೇಕು, ಮಗ್ಗಲದಾಗ ನಿಂತು ಬೈಸಿಕೊಂಡು ಕಲಿಬೇಕು.

ನಂದೇ ಒಂದು ಹೇಳ್ತೀನಿ. ಮಷೀನ್ ತಗೊಂಡಾಗ ಅದರ ಜೋಡಿ ಒಂದು ಸಣ್ಣ ಪ್ರೋಬ್ ಕೊಟ್ಟಿದ್ರು, ಪೆನ್ಸಿಲ್ ಪ್ರೋಬ್ ಅಂತಾರ, ಹಚ್ಚಿದ್ರ ಚಿತ್ರ ಬರಂಗಿಲ್ಲ, ಬರೀ ಡಾಪ್ಲರ್ ಗ್ರಾಫು (ರಕ್ತ ಹರಿಯೋ ವೇಗದ್ದು) ಮತ್ತ ಸುಂಯ್ ಸುಂಯ್ ಸಪ್ಪಳ. ಚಿತ್ರ ಇಲ್ದ ಇದೇನ್ ಮಾಡೋದು ಅಂತ ಬೀರುದಾಗ ಇಟ್ಟು ಮರತಬಿಟ್ಟಿದ್ದೆ. ಮುಂದ ಒಂದು ಕಾನ್ಫರೆನ್ಸ್‌ನಾಗ ಹ್ಯಾಂಡ್ಸ್ ಆನ್ ಟೇಬಲ್ ಮುಂದ ನಿಂತಾಗ ಒಬ್ರು ಮೇಡಮ್ಮು ಪೇಷಂಟನ್ನ ಬಲಮಗ್ಗಲಕ್ಕ ಹೊಳ್ಳಿಸಿ, ಎದಿ ಎಲುಬಿನ ಬಲಗಡೆ ಮ್ಯಾಲೆ ಆ ಪ್ರೋಬ್ ಹಚ್ಚಿ, ಕಣ್ಣು ಸ್ಕ್ರೀನ್ ಮ್ಯಾಲೆ ಇಡದ ಸಪ್ಪಳಕ್ಕ ಕಿವಿ ಕೊಟ್ಟು, ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟು ಸರಿಸ್ಕೊಂತ ಹೋದ್ರು, ಸಪ್ಪಳ ತೀಕ್ಷ್ಣ ಆದ ಜಾಗದಾಗ ಕೈ ನಿಲ್ಲಿಸಿದ್ರು. ಊರಿಗೆ ಬಂದ ಎರಡನೇ ವಾರ ಕುಷ್ಟಗಿ ಕಡೆಯಿಂದ ಒಬ್ರು ಯಜಮಾನ್ರು ಬಂದ್ರು, ಹೊಲದಾಗ ನಾಕು ಹೆಜ್ಜಿ ನಡದ್ರ ತೇಕು. ಅಯೋರ್ಟಿಕ್ ವಾಲ್ವ್, ಅಂದ್ರ ಹೃದಯದಿಂದ ಮೈಗೆ ರಕ್ತ ಹೋಗೋ ಬಾಗಿಲು, ಬಿಗಿ ಆಗಿತ್ತು. ಏಪೆಕ್ಸ್‌ನಿಂದ (ಹೃದಯದ ತುದಿ ಕಡೆಯಿಂದ) ನೋಡಿದ್ರ ರಕ್ತದ ವೇಗ ಸೆಕೆಂಡಿಗೆ 3.4 ಮೀಟರ್, ಅಂದ್ರ ಮಾಡರೇಟ್. ಬೀರು ತಗದು ಪೆನ್ಸಿಲ್ ಪ್ರೋಬ್ ಬಲಗಡೆ ಹಚ್ಚಿದೆ, 4.3 ಬಂತು. 4 ದಾಟಿದ್ರ ಸಿವಿಯರ್. ವೇಗದ ವರ್ಗಕ್ಕ ನಾಕರಿಂದ ಗುಣಿಸಿದ್ರ ಪೀಕ್ ಗ್ರೇಡಿಯೆಂಟ್ (ವಾಲ್ವಿನ ಎರಡೂ ಕಡೆ ಒತ್ತಡದ ವ್ಯತ್ಯಾಸ) ಅಲ್ಲೇನ್ರಿ, 46 ಇದ್ದದ್ದು 74 ಆತು. ಆರು ತಿಂಗಳು ಬಿಟ್ಟು ಬರ್ರಿ ಅನ್ನಬೇಕಾದ ಮನಶಾಗ ಅವತ್ತ ಕಲಬುರಗಿ ಜಯದೇವಕ್ಕ ಚೀಟಿ ಬರದು ಕೊಟ್ಟೆ. ಹಂಗಂದ್ರ ಅದಕ್ಕೂ ಮೊದಲ ಎಷ್ಟ್ ಮಂದಿಗೆ ಮಾಡರೇಟ್ ಅಂತ ಬರದು ಕಳಿಸೀನೋ, ಆ ಲೆಕ್ಕ ಹಾಕಾಕ ಧೈರ್ಯ ಇಲ್ಲ.

ಈಗ ಯಾವುದಕ್ಕ ಹೋಗೋದು ಅನ್ನೋದು. ಅಮೆರಿಕದ ಎಕೋ ಸೊಸೈಟಿದು ಐತಿ, ಯುರೋಪಿನೋರ್ದು (ಮೊದಲ ಯುರೋಎಕೋ ಅಂತಿದ್ರು) ಐತಿ, ಸಿಟಿ ಸ್ಕ್ಯಾನ್‌ಗೆ ಬೇರೆ, ಎಂಆರ್‌ಐಗೆ ಬೇರೆ ಸೊಸೈಟಿ, ಅವರವೂ ವರ್ಷಕ್ಕೊಮ್ಮೆ ನಡೀತಾವ. ನನ್ನ ಕೇಳಿದ್ರ ಮೊದಲನೇ ಸಲ ಹೋಗೋರು ಇಂಡಿಯನ್ ಅಕಾಡೆಮಿ ಆಫ್ ಎಕೋಕಾರ್ಡಿಯೋಗ್ರಫಿ ಮಾಡೋದಕ್ಕ ಹೋಗ್ರಿ. ಯಾಕಂದ್ರ ಹೊರಗಿನ ದೇಶದಾಗ ಮಾತೆಲ್ಲಾ ವಯಸ್ಸಾದೋರ ವಾಲ್ವು, ಅಮೈಲಾಯ್ಡು (ಹೃದಯದ ಮಾಂಸದಾಗ ಪ್ರೋಟೀನ್ ಕೂಡೋ ರೋಗ) ಇಂಥಾದ್ರ ಮ್ಯಾಲೆ ಇರ್ತೈತಿ. ನಮ್ ಟೇಬಲ್ ಮ್ಯಾಲೆ ಮಲಗೋದು ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ ಅಂಟಿಕೊಂಡ ಇಪ್ಪತ್ತೈದು ವರ್ಷದ ಬಸುರಿ ಹೆಣ್ಮಗಳು. ಆಕಿ ವಾಲ್ವ್ ಬಲೂನ್ ಹಾಕಿ ಹಿಗ್ಗಿಸಾಕ ಬರ್ತೈತೋ ಇಲ್ಲೋ ಅಂತ ದಿನಾ ನೋಡೋ ಮಂದಿ ಇಲ್ಲೇ ಅದಾರ, ಅವರ ಬಾಯಿಂದ ಕೇಳ್ರಿ. ಅಮೆರಿಕ ಆಮ್ಯಾಲೆ ನೋಡಿದ್ರಾತು, ವೀಸಾದ ತ್ರಾಸ ಬ್ಯಾರೆ.

ಹೋಗೋಕ ಮೊದ್ಲು ಮಾಡೋ ಕೆಲಸ ಒಂದ. ನಿಮಗ ಗೊತ್ತಾಗದ, ಅಥವಾ ತಪ್ಪಿರಬೇಕು ಅನ್ನಿಸಿದ ಐದು ಕೇಸಿನ ಲೂಪ್‌ಗಳನ್ನ (ಎಕೋದ ಸಣ್ಣ ವಿಡಿಯೋಗಳನ್ನ) ಪೆನ್‌ಡ್ರೈವ್‌ನಾಗ ಹಾಕ್ಕೊಳ್ರಿ, ಪೇಷಂಟ್ ಹೆಸರು, ನಂಬರು ಎಲ್ಲಾ ಅಳಿಸಿ. ಚೆಂದ ಬಂದ ಲೂಪ್ ಒಯ್ಯಬ್ಯಾಡ್ರಿ, ಅದನ್ನ ತೋರಿಸಿ ಶಭಾಷ್ ಅನ್ನಿಸಿಕೊಂಡು ಏನ್ ಮಾಡ್ತೀರಿ. ಟೀ ಬ್ರೇಕ್‌ನಾಗ ಫ್ಯಾಕಲ್ಟಿ ಮುಂದ ಲ್ಯಾಪ್‌ಟಾಪ್ ತಗೀರಿ. ದೊಡ್ಡೋರು ಮಾತಾಡಂಗಿಲ್ಲ ಅಂತ ನಾನೂ ಅಂಜಿದ್ದೆ, ಆದ್ರ ಕೈಯಾಗ ಕಪ್ ಹಿಡಕೊಂಡ ನಿಂತು ಇಪ್ಪತ್ತು ನಿಮಿಷ ನೋಡಿದ್ರು ಒಬ್ರು, ನೋಡಿ "ಏಪೆಕ್ಸ್ ಕತ್ತರಿಸೀರಿ ಡಾಕ್ಟ್ರೇ, ಒಂದು ಪಕ್ಕೆಲುಬು ಕೆಳಗ ಇಳೀರಿ" ಅಂದ್ರು. ಹೌದಾಗಿತ್ತು. ಎಡ ಕುಹರ ಗಿಡ್ಡ ಕಾಣೋದಕ್ಕ ನಂದು ಇಎಫ್ (ಒಂದು ಬಡಿತಕ್ಕ ಎಡ ಕುಹರ ನೂರಕ್ಕ ಎಷ್ಟು ರಕ್ತ ಹೊರಗ ತಳ್ತೈತಿ ಅನ್ನೋ ಲೆಕ್ಕ) ಯಾವಾಗ್ಲೂ ಐದಾರು ಹೆಚ್ಚು ಬರ್ತಿತ್ತು.

ಅಲ್ಲಿ ಹೋದ ಮ್ಯಾಲೆ ಎಲ್ಲಾ ಹಾಲ್‌ಗೂ ಓಡಬ್ಯಾಡ್ರಿ, ಗವಿಮಠದ ಜಾತ್ರ್ಯಾಗ ಎಲ್ಲಾ ಅಂಗಡಿ ನೋಡಿ ಬರೇ ಕೈಲೆ ಮನಿಗೆ ಬಂದಂಗ ಆಗ್ತೈತಿ. ವರ್ಕ್‌ಶಾಪ್‌ಗೆ ಬ್ಯಾರೆ ರಿಜಿಸ್ಟ್ರೇಷನ್ ಇರ್ತೈತಿ, ಸೀಟ್ ಕಡಿಮಿ, ಅದನ್ನ ಮೊದಲ ಮಾಡ್ಸಿರಿ. ಟಿಇಇ (ಗಂಟಲದಾಗ ಪ್ರೋಬ್ ಇಳಿಸಿ ಮಾಡೋ ಎಕೋ) ಸಿಮ್ಯುಲೇಟರ್ ಗೊಂಬಿ ಇದ್ರ ಬಿಡಬ್ಯಾಡ್ರಿ, ಜೀವ ಇದ್ದ ಪೇಷಂಟಿನ ಗಂಟಲದಾಗ ಮೊದಲನೇ ಸಲ ಕೈ ನಡುಗೋದಕ್ಕಿಂತ ಗೊಂಬಿ ಮ್ಯಾಲೆ ನಡುಗಲಿ. ಕಂಪನಿ ಸ್ಟಾಲ್‌ನಾಗ ಬ್ಯಾಗ್ ಇಸ್ಕೊಳ್ಳೋದು ಬಿಟ್ಟು ಸ್ಟ್ರೇನ್ (ಹೃದಯದ ಮಾಂಸ ಎಷ್ಟು ಕುಗ್ತೈತಿ ಅನ್ನೋ ಅಳತಿ) ಬಗ್ಗೆ ಕೇಳ್ರಿ, ಒಂದ ಮನಶಾನ ಸ್ಟ್ರೇನ್ ಎರಡು ಕಂಪನಿ ಮಷೀನ್‌ನಾಗ ಒಂದ ಬರಂಗಿಲ್ಲ. ಕ್ಯಾನ್ಸರ್ ಕೀಮೋ ತಗೊಳ್ಳೋರಾಗ ಮೊದಲಿದ್ದದ್ದಕ್ಕಿಂತ ನೂರಕ್ಕ 15ರಷ್ಟು ಇಳದ್ರ ಹುಷಾರ್ ಅಂತಾರ. ಹಂಗಾಗಿ ಒಂದು ಸಲ ಇಲ್ಲಿ, ಇನ್ನೊಂದು ಸಲ ಬಳ್ಳಾರಿಯಾಗ ಬ್ಯಾರೆ ಮಷೀನ್ ಮ್ಯಾಲೆ ಮಾಡ್ಸಿ ಹೋಲಿಸಬ್ಯಾಡ್ರಿ.

ನೀವು ಸಿಟಿ ಮಾಡದಿದ್ರೂ ಒಂದು ಸಿಟಿ ಸೆಷನ್ ಕೂಡ್ರಿ, ಯಾಕಂದ್ರ ಕಳಸೋರು ನಾವ. ಕೊರೊನರಿ ಸಿಟಿಗೆ (ಹೃದಯದ ರಕ್ತನಾಳದ ಸ್ಕ್ಯಾನ್‌ಗೆ) ನಾಡಿ 60ರ ಆಸುಪಾಸು ಇದ್ರ ಚಿತ್ರ ಚೊಲೋ, 90 ನಾಡಿ ಇದ್ದಾಂಗ ಹಂಗ ಬಸ್ ಹತ್ತಿಸಿ ಕಳಿಸಿದ್ರ ಅಲ್ಲಿ ಬೀಟಾ ಬ್ಲಾಕರ್ (ನಾಡಿ ಇಳಿಸೋ ಔಷಧ) ಕೊಟ್ಟು ತಾಸುಗಟ್ಟಲೆ ಕೂಡಿಸ್ತಾರ. ಕ್ಯಾಲ್ಸಿಯಂ ಸ್ಕೋರ್ (ರಕ್ತನಾಳದಾಗ ಕ್ಯಾಲ್ಸಿಯಂ ಎಷ್ಟು ಕೂಡೇತಿ ಅನ್ನೋ ಲೆಕ್ಕ) ಸೊನ್ನಿ ಬಂದ್ರ ಭಾಳ ಮಂದಿಗೆ ಸಮಾಧಾನದ ಸುದ್ದಿ, ಆದ್ರ ಎದಿ ಹಿಡಕೊಂಡು ಬಂದ ಸಣ್ಣ ವಯಸ್ಸಿನ ಬೀಡಿ ಸೇದಾಂವಗ ಸೊನ್ನಿ ಇದ್ರೂ ಬ್ಲಾಕ್ ಇರಬಹುದು.

ರೊಕ್ಕದ ಮಾತು: ಫೀ ಅರ್ಲಿ ಬರ್ಡ್ (ಮೊದಲ ಕಟ್ಟಿದೋರಿಗೆ ಕಡಿಮಿ ದರ) ಒಳಗ ಕಟ್ರಿ, ಇಬ್ರು ಮೂವರು ಕೂಡಿ ರೂಮ್ ಹಿಡೀರಿ. ಬೆಂಗಳೂರಾಗಿದ್ರ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಮುಂಜಾನಿಗೆ ಅಲ್ಲಿರ್ತೀರಿ, ರಾಯಚೂರಿನೋರಿಗೆ ಉದ್ಯಾನ್ ಐತಿ. ಒಬ್ಬರ ಡಾಕ್ಟರ್ ಇದ್ದಲ್ಲಿ ಪಕ್ಕದ ಊರಿನೋರ ಜೋಡಿ ಮಾತಾಡಿ ಇಡ್ರಿ, ಈ ವರ್ಷ ನೀ ಹೋಗು, ಮುಂದಿನ ವರ್ಷ ನಾ, ಎಮರ್ಜೆನ್ಸಿ ಬಂದ್ರ ನಾ ನೋಡ್ತೀನಿ ಅಂತ.

ಕೊನೀದು, ಕ್ರೆಡಿಟ್ ಅವರ್ಸ್ ಸರ್ಟಿಫಿಕೇಟ್. ಮೆಡಿಕಲ್ ಕೌನ್ಸಿಲ್‌ಗೆ 5 ವರ್ಷಕ್ಕ 30 ತಾಸಿನ ಲೆಕ್ಕ ಕೊಡಬೇಕಲ್ರಿ. ಟ್ರೈನಿಗೆ ತಡ ಆದ್ರೂ ಚಿಂತಿಲ್ಲ, ಕೈಯಾಗ ಇಸ್ಕೊಂಡ ಹೊರಡ್ರಿ. ಮೇಲ್ ಮಾಡ್ತೀವಿ ಸರ್ ಅಂದಿದ್ರು ನನಗೊಮ್ಮೆ, ಮೂರು ವರ್ಷ ಆತು, ಇನ್ನೂ ಸ್ಪ್ಯಾಮ್ ಫೋಲ್ಡರ್ ತಗದು ತಗದು ನೋಡಾಕತ್ತೀನಿ.