ಹಾರುವಾಗ ಎಂಜಿನ್ ನಿಂತರೆ ಮೊದಲು ಮೂಗು ಕೆಳಗೆ

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರ ನಾನು ಸೆಸ್ನಾ 172 ಎಂಬ ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಪೈಲಟ್ ತರಬೇತಿ ಕೊಡುತ್ತೇನೆ. ನಮ್ಮ ಊರ ಕಡೆಯಿಂದ ಕಲಿಯಲು ಬರುವ ಹುಡುಗರು ಮೊದಲ ವಾರವೇ ಕೇಳುತ್ತಾರೆ: "ಸರ್, ಮೇಲೆ ಎಂಜಿನ್ ನಿಂತುಹೋದ್ರೆ ಕಲ್ಲಿನ ಹಾಗೆ ಬೀಳ್ತೀವಾ?" ಬೀಳಲ್ಲ. ವೇಗ ಇರುವವರೆಗೂ ರೆಕ್ಕೆ ನಿಮ್ಮನ್ನು ಹೊತ್ತುಕೊಂಡೇ ಇರುತ್ತದೆ.

ಆದರೆ ಎಂಜಿನ್ ಸದ್ದು ಅಡಗಿದ ಕೂಡಲೇ ಕೈ ತಾನಾಗಿ ಯೋಕನ್ನು, ಅಂದರೆ ವಿಮಾನದ ಸ್ಟೀರಿಂಗನ್ನು, ಎದೆಯ ಕಡೆ ಎಳೆಯುತ್ತದೆ. ನೆಲ ಹತ್ತಿರ ಬರುತ್ತಿದೆ ಅನ್ನಿಸಿದಾಗ ಯಾರಿಗಾದರೂ ಹಾಗೇ ಆಗುವುದು. ಜೀವ ತೆಗೆಯುವುದೇ ಅದು. ಮೂಗು ಎದ್ದರೆ ವೇಗ ಇಳಿದು ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಹೊರುವುದನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ಮೂಗು ಕೆಳಗೆ ಮಾಡಿ, ಗ್ಲೈಡ್ ವೇಗಕ್ಕೆ, ಅಂದರೆ ಎಂಜಿನ್ ಇಲ್ಲದೆ ಅತಿ ದೂರ ತೇಲುವ ವೇಗಕ್ಕೆ, ತನ್ನಿ. ನಮ್ಮ ಹಳೆಯ 172ಎನ್‌ಗೆ ಪೂರ್ತಿ ತೂಕದಲ್ಲಿ ಅದು 65 ನಾಟ್, ಗಂಟೆಗೆ ಸುಮಾರು 120 ಕಿಲೋಮೀಟರ್. ನಿಮ್ಮ ವಿಮಾನದ್ದು ಅದರ ಕೈಪಿಡಿಯಲ್ಲಿರುತ್ತದೆ, ಬಾಯಿಪಾಠ ಮಾಡಿಕೊಳ್ಳಿ. ವೇಗ ಒಂದೇ ಸಮ ಆದ ಮೇಲೆ, ಯೋಕಿನ ಮೇಲಿನ ಭಾರ ಇಳಿಸುವ ಟ್ರಿಮ್ ಚಕ್ರ ತಿರುಗಿಸಿ, ಯೋಕ್ ಹಿಡಿಯಲು ಎರಡು ಬೆರಳು ಸಾಕಾಗುವಷ್ಟು. ಗಾಳಿ ಇಲ್ಲದಿದ್ದರೆ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಎರಡೂವರೆ ಕಿಲೋಮೀಟರ್ ತೇಲಬಹುದು. 3,000 ಅಡಿಯಲ್ಲಿದ್ದರೆ ಕೈಯಲ್ಲಿ ನಾಲ್ಕು ನಿಮಿಷ ಇದೆ.

ಈಗ ಇಳಿಯುವ ಜಾಗ ಹುಡುಕಿ. ಕಟಾವಾದ ಹೊಲ ಒಳ್ಳೆಯದು. ಸಾಲಿಗೆ ಅಡ್ಡವಾಗಿ ಇಳಿಯಬೇಡಿ, ಸಾಲಿನ ಉದ್ದಕ್ಕೇ ಇಳಿಯಿರಿ. ಹೊಗೆ, ಧೂಳು ನೋಡಿದರೆ ಗಾಳಿ ಎತ್ತ ಅಂತ ಗೊತ್ತಾಗುತ್ತದೆ, ಅದಕ್ಕೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗ ವೇಗ ಕಡಿಮೆ ಇರುತ್ತದೆ. ಕರೆಂಟ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಕಂಬ ಹುಡುಕಿ. ಒಮ್ಮೆ ಆರಿಸಿದ ಹೊಲವನ್ನು ಕೊನೆಯಲ್ಲಿ ಬದಲಿಸಬೇಡಿ.

ಜಾಗದ ಕಡೆ ತಿರುಗಿದ ಮೇಲೆ ಎಂಜಿನ್ ಎಬ್ಬಿಸಲು ನೋಡಿ. ಮೊದಲು ಕಾರ್ಬುರೇಟರ್ ಹೀಟ್, ಅಂದರೆ ಗಾಳಿ, ಇಂಧನ ಬೆರೆಸುವ ಕಾರ್ಬುರೇಟರ್‌ಗೆ ಬಿಸಿ ಗಾಳಿ ಕೊಡುವ ನಾಬ್. ಆಮೇಲೆ ಇಂಧನದ ಸೆಲೆಕ್ಟರ್ 'ಬೋತ್'ನಲ್ಲಿ (ಎರಡೂ ಟ್ಯಾಂಕ್) ಇದೆಯಾ, ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್‌ಚರ್ ಪೂರ್ತಿ ಒಳಗಿದೆಯಾ, ಇಗ್ನಿಷನ್ 'ಬೋತ್'ನಲ್ಲಿದೆಯಾ ನೋಡಿ. ಹೀಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಂದು ಜನವರಿ ಬೆಳಿಗ್ಗೆ, ಮಂಜು ಆಗಷ್ಟೇ ಕರಗಿತ್ತು. ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮುಟ್ಟಿರಲಿಲ್ಲ, ಆದರೂ 2,400 ಇದ್ದ ಆರ್‌ಪಿಎಂ ಮೆಲ್ಲಗೆ 2,000ಕ್ಕೆ ಇಳಿಯಿತು. ಕಾರ್ಬುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿತ್ತು. ಹುಡುಗ ಹೀಟ್ ನಾಬ್ ಎಳೆದ. ಎಂಜಿನ್ ಕೆಮ್ಮಿತು, ನಡುಗಿತು, ಆರ್‌ಪಿಎಂ ಇನ್ನೂ ಬಿತ್ತು. ಅವನು ಹೆದರಿ ನಾಬನ್ನು ಒಳಗೆ ತಳ್ಳಲು ಹೋದ. ನಾನು ಅವನ ಕೈ ಹಿಡಿದುಕೊಂಡೆ. ಗಡ್ಡೆ ಕರಗಿದ ನೀರು ಎಂಜಿನ್ ಒಳಗೆ ಹೋಗುವಾಗ ಹಾಗೇ ಆಗುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಸರಿಯಾಯಿತು. ನಾಬ್ ಎಳೆದ ಮೇಲೆ ಬಿಡಬೇಡಿ. ಹೊರಗೆ 20 ಡಿಗ್ರಿ ಇದ್ದರೂ ತೇವ ಇದ್ದರೆ ಗಡ್ಡೆ ಕಟ್ಟುತ್ತದೆ.

ಎಂಜಿನ್ ಏಳಲಿಲ್ಲವಾ? ಮಾತಾಡುತ್ತಿದ್ದ ಟವರ್‌ಗೇ, ಇಲ್ಲವೇ ತುರ್ತಿನ ರೇಡಿಯೊ ಚಾನೆಲ್ 121.5ರಲ್ಲಿ, ಮೂರು ಸಲ 'ಮೇಡೇ' ಹೇಳಿ. ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಕೋಡ್ 7700 ಹಾಕಿ. ಇಳಿಯುವ ಮುಂಚೆ ಇಂಧನ ಬಂದ್, ಇಗ್ನಿಷನ್ ಬಂದ್, ಫ್ಲ್ಯಾಪ್ (ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂದೆ ಇಳಿಸುವ ಹಲಗೆ) ಹಾಕಿದ ಮೇಲೆ ಮಾಸ್ಟರ್ ಸ್ವಿಚ್, ಅಂದರೆ ವಿಮಾನದ ಕರೆಂಟ್, ಬಂದ್. ಬಾಗಿಲಿನ ಚಿಲಕ ತೆಗೆದಿಡಿ, ಬಡಿತಕ್ಕೆ ಚೌಕಟ್ಟು ಸೊಟ್ಟಗಾದರೆ ಆಮೇಲೆ ತೆರೆಯಲಾಗದು. ಭುಜದ ಬೆಲ್ಟ್ ಬಿಗಿ ಮಾಡಿ.

ಇದೆಲ್ಲ ಎತ್ತರ ಇದ್ದಾಗಿನ ಮಾತು. ಟೇಕಾಫ್ ಆದ ಕೂಡಲೇ ಎಂಜಿನ್ ಹೋದರೆ ಸಮಯವೇ ಇರುವುದಿಲ್ಲ. 2015ರ ಮಾರ್ಚ್ 5ರಂದು ನಟ ಹ್ಯಾರಿಸನ್ ಫೋರ್ಡ್ ಹಳೆಯ ರಯಾನ್ ಪಿಟಿ-22 ವಿಮಾನದಲ್ಲಿ ಸಾಂಟಾ ಮೋನಿಕಾದಿಂದ ಮೇಲೇರಿದ್ದರು. ಸ್ವಲ್ಪದರಲ್ಲೇ ಎಂಜಿನ್ ಕೈಕೊಟ್ಟಿತು. ಕಾರ್ಬುರೇಟರ್‌ನಲ್ಲಿ ಇಂಧನ ಅಳೆದು ಬಿಡುವ ಮುಖ್ಯ ಜೆಟ್ ತಿರುಚಿ ಸಡಿಲಗೊಂಡು, ಇಂಧನ ಅಳತೆ ಮೀರಿ ಹರಿದಿತ್ತು ಎಂದು ತನಿಖೆ ಹೇಳಿತು. ಅವರು ರನ್‌ವೇಗೆ ವಾಪಸ್ ತಿರುಗಲು ಹೊರಟಿದ್ದರು. ಮುಟ್ಟಲ್ಲ ಅಂತ ಗೊತ್ತಾದಾಗ ಹಟ ಹಿಡಿಯಲಿಲ್ಲ, ಪಕ್ಕದ ಗಾಲ್ಫ್ ಮೈದಾನಕ್ಕೆ ಇಳಿಸಿದರು. ಮರದ ತುದಿ ತಗುಲಿತು, ಭುಜದ ಬೆಲ್ಟ್ ಕಿತ್ತುಬಂದು ಪೆಟ್ಟು ಜೋರಾಗೇ ಬಿತ್ತು. ಆದರೆ ಬದುಕಿದರು. ಕಡಿಮೆ ಎತ್ತರದಲ್ಲಿ ರನ್‌ವೇ ಆಸೆಗೆ ಗಿರಕ್ಕನೆ ತಿರುಗಿ, ಸ್ಟಾಲ್ ಆಗಿ ಸತ್ತವರು ತುಂಬಾ ಜನ.

ಅದಕ್ಕೇ ನನ್ನ ಹುಡುಗರು ಪ್ರತಿ ಟೇಕಾಫ್‌ಗೆ ಮುಂಚೆ, ಚಕ್ರ ರನ್‌ವೇ ಗೆರೆಯ ಮೇಲಿರುವಾಗ, ಜೋರಾಗಿ ಹೇಳಬೇಕು: "ಸಾವಿರ ಅಡಿ ಒಳಗೆ ಎಂಜಿನ್ ಹೋದರೆ ಮೂಗು ಕೆಳಗೆ, ಎದುರಿಗೇ ಇಳಿಯುತ್ತೇನೆ. ಬಲಕ್ಕೆ ಬಾದಾಮಿ ತೋಟ, ಎಡಕ್ಕೆ ಖಾಲಿ ಹೊಲ. ಎಡಕ್ಕೆ." ಹೇಳಿದ ಮೇಲೆಯೇ ಥ್ರಾಟಲ್.