ಆಟೋಮ್ಯಾಟಿಕ್ ಸೆಡಾನ್, ಕಾಲು ಮೈಲಿ ಮತ್ತು ಮೊದಲ 60 ಅಡಿ: ನನ್ನ ಅನುಭವ

ನನ್ನ ಕಾರು ದಿನಾ ಕೆಲಸಕ್ಕೆ ಹೋಗಿಬರುವ ಸೆಡಾನ್. ಟರ್ಬೋ ಇಲ್ಲದ 2 ಲೀಟರ್ ಪೆಟ್ರೋಲ್ ಎಂಜಿನ್, 150 ಅಶ್ವಶಕ್ತಿ, ಟಾರ್ಕ್ ಕನ್ವರ್ಟರ್ ಇರುವ 6 ಗೇರ್‌ನ ಆಟೋಮ್ಯಾಟಿಕ್. ಎಳೆಯುವುದು ಮುಂದಿನ ಚಕ್ರಗಳು. ಎಂಜಿನ್‌ಗೆ ನಾನು ಕೈ ಹಾಕಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ. ಇಂಥ ಗಾಡಿಯನ್ನು ಡ್ರ್ಯಾಗ್ ಸ್ಟ್ರಿಪ್‌ಗೆ, ಅಂದರೆ ಎರಡು ಕಾರು ಅಕ್ಕಪಕ್ಕ ನಿಂತು ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಜಾಗಕ್ಕೆ, ಯಾಕೆ ಒಯ್ಯಬೇಕು ಅಂತ ಕೇಳುವವರಿದ್ದಾರೆ. ನಿಮ್ಮ ಕಾರು ನಿಜಕ್ಕೂ ಏನು ಮಾಡುತ್ತದೆ, ನಿಮ್ಮ ಕಾಲುಗಳು ಏನು ಮಾಡುತ್ತವೆ ಅಂತ ಇಷ್ಟು ಖಚಿತವಾಗಿ ಹೇಳುವ ಜಾಗ ಇನ್ನೊಂದಿಲ್ಲ. ಅಲ್ಲಿ ಅಂದಾಜು ನಡೆಯುವುದಿಲ್ಲ. ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೂ ಅಳೆದು ಚೀಟಿ ಕೈಗೆ ಕೊಡುತ್ತಾರೆ.

"ಆಟೋಮ್ಯಾಟಿಕ್ ತಾನೇ, ಒತ್ತಿ ಹಿಡಿದರೆ ಮುಗೀತು" ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಗೇರ್ ಬದಲಾಯಿಸುವ ಕೆಲಸ ನಮಗಿಲ್ಲ. ಹಾಗಾಗಿ ಓಟದ ಕೊನೆಯ 1,000 ಅಡಿಯಲ್ಲಿ ಚಾಲಕ ಮಾಡುವಂಥದ್ದು ಹೆಚ್ಚೇನಿಲ್ಲ, ಎಂಜಿನ್‌ಗೆ ಎಷ್ಟು ಶಕ್ತಿ ಇದೆಯೋ ಅಷ್ಟೇ. ನಮ್ಮ ಕೈಯಲ್ಲಿ ಇರುವುದೆಲ್ಲ ಹೊರಡುವ ಗಳಿಗೆ ಮತ್ತು ಅದರ ಮುಂದಿನ 60 ಅಡಿ. ನಾನು ಉಳಿಸಿದ ಸಮಯದ ಬಹುಪಾಲು ಅಲ್ಲೇ ಸಿಕ್ಕಿತು. ಅದಕ್ಕೆ ಇಲ್ಲೂ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

ಹೋಗುವ ಮೊದಲೇ ಒಂದು ಲೆಕ್ಕ ಹಾಕಿಕೊಂಡಿದ್ದೆ. ಕಾಲು ಮೈಲಿ ಅಂದರೆ 1,320 ಅಡಿ, ಸುಮಾರು 402 ಮೀಟರ್. ಇಷ್ಟು ದೂರಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳಿಯಲು ಡ್ರ್ಯಾಗ್ ಓಟದವರು ಬಳಸುವ ಒಂದು ಅಂದಾಜು ಸೂತ್ರ ಇದೆ. ಚಾಲಕನನ್ನೂ ಸೇರಿಸಿ ಕಾರಿನ ತೂಕವನ್ನು ಕಿಲೋದಲ್ಲಿ ತೆಗೆದುಕೊಳ್ಳಿ. ಅದನ್ನು ಅಶ್ವಶಕ್ತಿಯಿಂದ ಭಾಗಿಸಿ. ಬಂದದ್ದರ ಘನಮೂಲವನ್ನು 7.58ರಿಂದ ಗುಣಿಸಿ. ನಾನೂ ಕೂತರೆ ನನ್ನ ಕಾರು 1,400 ಕಿಲೋ. ಭಾಗಿಸಿದರೆ 9.33, ಘನಮೂಲ 2.1ಕ್ಕೆ ಹತ್ತಿರ, ಉತ್ತರ ಸುಮಾರು 16 ಸೆಕೆಂಡ್. ಈ ಘನಮೂಲ ಒಂದು ವಿಷಯ ಹೇಳುತ್ತದೆ. ಶಕ್ತಿ 10% ಹೆಚ್ಚಿಸಿದರೂ ಸಮಯ ಇಳಿಯುವುದು 3% ಮಾತ್ರ. ಅಂದರೆ ಈ ಕಾರಿಗೆ ಹೇಗೋ 15 ಅಶ್ವಶಕ್ತಿ ಸೇರಿಸಿದರೂ ಸಿಗುವುದು ಅರ್ಧ ಸೆಕೆಂಡ್. ಮುಂದೆ ಹೇಳುವ ಅಂಕಿಗಳನ್ನು ಓದುವಾಗ ಇದು ನೆನಪಿರಲಿ.

ತಯಾರಿ ದೊಡ್ಡದೇನಲ್ಲ. ಡಿಕ್ಕಿಯಲ್ಲಿರುವ ಸ್ಟೆಪ್ನಿ, ಜಾಕ್, ಉಳಿದ ಸಾಮಾನೆಲ್ಲ ಕೆಳಗಿಳಿಸಿದೆ. ಇಂಥ ಕಾರುಗಳಲ್ಲಿ ಸುಮಾರು 45 ಕಿಲೋ ಇಳಿದರೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಉಳಿಯುತ್ತದೆ ಅನ್ನುವುದು ಹಳೆಯ ಲೆಕ್ಕ. ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದರೆ ಸಾಕು. ಕಾಲಡಿಯ ಮ್ಯಾಟ್ ತೆಗೆಯುವುದು ತೂಕಕ್ಕಲ್ಲ. ಅದು ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳಬಾರದು, ಅಷ್ಟೇ. ಹಿಂದಿನ ಟೈರ್‌ಗಳಿಗೆ ಗಾಳಿ ಸ್ವಲ್ಪ ಜಾಸ್ತಿ ಹಾಕಿದೆ, ಸುಲಭವಾಗಿ ಉರುಳಲಿ ಅಂತ. ಮುಂದಿನವಕ್ಕೆ ಎರಡು ಮೂರು ಪಿಎಸ್‌ಐ ಕಡಿಮೆ ಮಾಡಿದೆ. ಅದಕ್ಕಿಂತ ಇಳಿಸಲು ನಾನು ಒಪ್ಪುವುದಿಲ್ಲ. ಇವು ರಸ್ತೆಯ ಟೈರ್‌ಗಳು, ಗಂಟೆಗೆ 130 ಕಿಲೋಮೀಟರ್ ದಾಟಿದ ಮೇಲೆ ಗಾಳಿ ಇಲ್ಲದೆ ಓಲಾಡುವ ಟೈರ್ ಯಾರಿಗೂ ಬೇಡ.

ಓಡಿಸುವ ಮೊದಲು ಗಾಡಿ ತಪಾಸಣೆ ಇರುತ್ತದೆ. ಬ್ಯಾಟರಿ ಅಲ್ಲಾಡಬಾರದು, ಯಾವ ಎಣ್ಣೆಯೂ ನೀರೂ ಸೋರಬಾರದು, ಚಕ್ರದ ನಟ್‌ಗಳೆಲ್ಲ ಬಿಗಿಯಾಗಿರಬೇಕು, ಸೀಟ್ ಬೆಲ್ಟ್ ಸರಿ ಇರಬೇಕು, ಪೂರ್ತಿ ಪ್ಯಾಂಟ್, ಮುಚ್ಚಿದ ಶೂ. ಅಮೆರಿಕದಲ್ಲಿ ಡ್ರ್ಯಾಗ್ ಓಟ ನಡೆಸುವ ಸಂಸ್ಥೆ ಎನ್‌ಎಚ್‌ಆರ್‌ಎಯ ನಿಯಮದಲ್ಲಿ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರುಗಳಿಗೆ ಹೆಲ್ಮೆಟ್ ಕಡ್ಡಾಯ. ನನ್ನ ಕಾರು ಆ ಗಡಿಯಿಂದ ದೂರ. ಆದರೂ ನಾನು ಹೆಲ್ಮೆಟ್ ಇಲ್ಲದೆ ಸಾಲಿಗೆ ಹೋಗುವುದಿಲ್ಲ. ಏಸಿ ಮಾತ್ರ ಸಾಲಿನಲ್ಲಿ ನಿಲ್ಲುವಾಗಲೇ ಆಫ್ ಮಾಡಿ. ಎಂಜಿನ್ ಶಕ್ತಿ ಉಳಿಸುವುದು ಒಂದು ಕಾರಣ. ದೊಡ್ಡ ಕಾರಣ ಅದರಿಂದ ತೊಟ್ಟಿಕ್ಕುವ ನೀರು. ಸ್ಟಾರ್ಟಿಂಗ್ ಲೈನ್ ಮೇಲೆ ನಾಲ್ಕು ಹನಿ ಬಿದ್ದರೂ ನಿಮ್ಮ ಹಿಂದೆ ಬರುವವನ ಚಕ್ರ ಜಾರುತ್ತದೆ.

ಇದೇ ಕಾರಣಕ್ಕೆ ಲೈನ್‌ಗಿಂತ ಹಿಂದೆ ಇರುವ ನೀರಿನ ಜಾಗವನ್ನು ನಾನು ಸುತ್ತಿ ಹೋಗುತ್ತೇನೆ. ರೇಸ್ ಟೈರ್ ಇರುವವರು ಆ ನೀರಿನಲ್ಲಿ ಚಕ್ರ ತಿರುಗಿಸಿ ಬಿಸಿ ಮಾಡುತ್ತಾರೆ, ಅವರಿಗೆ ಅದು ಬೇಕು. ನಮ್ಮ ರಸ್ತೆ ಟೈರ್‌ಗಳ ಸಂದುಗಳಲ್ಲಿ ನೀರು ತುಂಬಿಕೊಂಡು ನೇರ ಲೈನ್‌ವರೆಗೆ ಬರುತ್ತದೆ. ಒಣ ನೆಲದ ಮೇಲೆ ಒಂದು ಸಣ್ಣ ಸುತ್ತು ತಿರುಗಿಸಿ ಟೈರ್‌ಗೆ ಅಂಟಿದ ಕಲ್ಲು, ಧೂಳು ಉದುರಿಸಿದರೆ ನಮಗೆ ಅಷ್ಟೇ ಸಾಕು.

ಇನ್ನು ದೀಪಗಳ ಕಂಬ. ಇದಕ್ಕೆ ಕ್ರಿಸ್‌ಮಸ್ ಟ್ರೀ ಅನ್ನುತ್ತಾರೆ, 1963ರಿಂದ ಬಳಕೆಯಲ್ಲಿದೆ. ಅದಕ್ಕೂ ಮೊದಲು ಒಬ್ಬ ಮನುಷ್ಯ ಬಾವುಟ ಬೀಸಿ ಓಟ ಶುರು ಮಾಡುತ್ತಿದ್ದ. ಮೇಲ್ಗಡೆ ಎರಡು ಜೊತೆ ಚಿಕ್ಕ ದೀಪ. ಮುಂದಿನ ಟೈರ್ ಮೊದಲ ಬೆಳಕಿನ ಕಿರಣವನ್ನು ಅಡ್ಡ ಹಾಕಿದರೆ ಮೇಲಿನ ದೀಪ ಹತ್ತುತ್ತದೆ, ಇದು ಪ್ರೀ-ಸ್ಟೇಜ್. ಅಲ್ಲಿಂದ 7 ಇಂಚು ಮುಂದೆ ಎರಡನೇ ಕಿರಣ, ಅದು ಸ್ಟೇಜ್. ಇಲ್ಲಿ ಆಟೋಮ್ಯಾಟಿಕ್ ಬಹಳ ಅನುಕೂಲ. ಬ್ರೇಕ್ ಮೇಲಿನ ಒತ್ತಡ ಸ್ವಲ್ಪವೇ ಸ್ವಲ್ಪ ಸಡಿಲಿಸಿದರೆ ಕಾರು ತಾನಾಗಿ ಇಂಚಿಂಚು ತೆವಳುತ್ತದೆ. ಎರಡನೇ ದೀಪ ಮಿಣುಕಿದ ತಕ್ಷಣ ಬ್ರೇಕ್ ಒತ್ತಿ ನಿಲ್ಲಿಸಬೇಕು. ಒಂದಿಂಚೂ ಮುಂದೆ ಬೇಡ.

ಇಷ್ಟು ಎಚ್ಚರ ಯಾಕೆ ಅಂದ್ರೆ, ಗಡಿಯಾರ ಓಡಲು ಶುರುವಾಗುವುದು ಹಸಿರು ದೀಪಕ್ಕಲ್ಲ. ನಿಮ್ಮ ಟೈರ್ ಸ್ಟೇಜ್ ಕಿರಣವನ್ನು ಪೂರ್ತಿ ಬಿಟ್ಟು ಮುಂದೆ ಹೋದಾಗ. ಟೈರ್‌ನ ಮುಂಭಾಗ ಕಿರಣಕ್ಕೆ ತಾಗಿದ ಕೂಡಲೇ ನಿಂತಿದ್ದರೆ, ಅದರ ಹಿಂಭಾಗ ಕಿರಣ ದಾಟುವ ಹೊತ್ತಿಗೆ ಕಾರು ಸುಮಾರು ಒಂದು ಅಡಿ ಉರುಳಿರುತ್ತದೆ. ಗಡಿಯಾರ ಶುರುವಾಗುವಾಗ ಕಾರು ಆಗಲೇ ಓಡುತ್ತಿದೆ. ಅದೇ ಐದಾರು ಇಂಚು ಮುಂದೆ ಹೋಗಿ ನಿಂತರೆ ಆ ಉರುಳುವ ದೂರ ಕಡಿಮೆಯಾಗಿ ಸಮಯ ಜಾಸ್ತಿ ಬರುತ್ತದೆ. ಒಂದೇ ಕಾರು, ಒಂದೇ ಎಂಜಿನ್, ನಿಂತ ಜಾಗ ಮಾತ್ರ ಬೇರೆ. ಆದ್ದರಿಂದ ಪ್ರತಿ ಸಲ ಒಂದೇ ಕಡೆ ನಿಲ್ಲುವುದನ್ನು ಮೊದಲು ಕಲಿಯಿರಿ. ಅದಿಲ್ಲದಿದ್ದರೆ ಒಂದು ಚೀಟಿಯನ್ನು ಇನ್ನೊಂದರ ಜೊತೆ ಹೋಲಿಸಿ ಉಪಯೋಗವಿಲ್ಲ.

ಎರಡೂ ಕಾರು ನಿಂತ ಮೇಲೆ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡ್ ಬಿಟ್ಟು ಒಂದರ ಹಿಂದೆ ಒಂದು ಹತ್ತುತ್ತವೆ, ಆಮೇಲೆ ಹಸಿರು. ದೊಡ್ಡ ವೃತ್ತಿಪರ ಓಟಗಳಲ್ಲಿ ಮೂರೂ ಒಟ್ಟಿಗೆ ಹತ್ತಿ 0.4 ಸೆಕೆಂಡಿಗೆ ಹಸಿರು ಬರುತ್ತದೆ, ನಮಗೆ ಅದು ಬೇಡ. ಹಸಿರು ಕಾಣುವವರೆಗೆ ಕಾದರೆ ತಡವಾಯಿತು ಅಂತಲೇ ಅರ್ಥ. ಮೂರನೇ ಹಳದಿ ಹತ್ತಿದಾಗ ನಾನು ಬ್ರೇಕ್ ಬಿಡುತ್ತೇನೆ. ಕಣ್ಣು ಕಂಡದ್ದು ಕಾಲಿಗೆ ತಲುಪಿ, ಕಾರು ಆ ಒಂದು ಅಡಿ ಉರುಳುವ ಹೊತ್ತಿಗೆ ಹಸಿರು ಬಂದಿರುತ್ತದೆ.

ಈಗ ಮುಖ್ಯ ವಿಷಯ, ಹೊರಡುವುದು. ಎಡಗಾಲು ಬ್ರೇಕ್ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ. ರಸ್ತೆಯಲ್ಲಿ ಎಂದೂ ಮಾಡಬಾರದ ಕೆಲಸ ಇದು, ಇಲ್ಲಿ ಬೇಕು. ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆಯ ಮೂಲಕ ಎಂಜಿನ್ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಎಂಜಿನ್ ತಿರುಗುತ್ತಾ ಕಾರು ನಿಂತೇ ಇರುವಾಗ ಅದು ಎಳೆತವನ್ನು ಸುಮಾರು ಎರಡು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತದೆ. ಬ್ರೇಕ್ ಹಿಡಿದುಕೊಂಡೇ ಆರ್‌ಪಿಎಂ ಸ್ವಲ್ಪ ಏರಿಸಿದರೆ ಎಂಜಿನ್ ನಿದ್ದೆಯಿಂದ ಎದ್ದು ಹೊರಡಬೇಕಾಗಿಲ್ಲ. ಬ್ರೇಕ್ ಬಿಟ್ಟ ಕ್ಷಣವೇ ಎಳೆತ ಸಿದ್ಧವಾಗಿರುತ್ತದೆ.

ಎಷ್ಟು ಏರಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ನನ್ನ ಕಾರಿನಲ್ಲಿ 1,600 ಆರ್‌ಪಿಎಂ ಹತ್ತಿರ ಬಂದಾಗ ಬಾನೆಟ್ ಸ್ವಲ್ಪ ಮೇಲೇಳುತ್ತದೆ, ಸ್ಟೀರಿಂಗ್‌ನಲ್ಲಿ ಒಂದು ಸಣ್ಣ ನಡುಕ ಬರುತ್ತದೆ, ಎಂಜಿನ್ ಸದ್ದು ದಪ್ಪವಾಗುತ್ತದೆ. ಅಲ್ಲಿಗೆ ನಿಲ್ಲಿಸುತ್ತೇನೆ. 2,000 ದಾಟಿಸಿದರೆ ಬ್ರೇಕ್ ಬಿಟ್ಟ ಕೂಡಲೇ ಮುಂದಿನ ಚಕ್ರ ಕಿರುಚಿಕೊಂಡು ನಿಂತಲ್ಲೇ ತಿರುಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳ ಕಷ್ಟವೇ ಇದು. ಕಾರು ಮುನ್ನುಗ್ಗುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯಬೇಕಾದ ಚಕ್ರ ಹಗುರಾಗುತ್ತದೆ. ಅದಕ್ಕೆ ಬ್ರೇಕ್ ಬಿಟ್ಟ ತಕ್ಷಣ ಪೆಡಲನ್ನು ಧಡಕ್ಕನೆ ನೆಲಕ್ಕೆ ತುಳಿಯಬೇಡಿ. ಸುಮಾರು ಮುಕ್ಕಾಲು ಒತ್ತಿ, ಚಕ್ರ ನೆಲ ಹಿಡಿದದ್ದು ಬೆನ್ನಿಗೆ ಗೊತ್ತಾದ ಮೇಲೆ ಉಳಿದದ್ದನ್ನು ಒತ್ತಿ. ಟ್ರಾಕ್ಷನ್ ಕಂಟ್ರೋಲ್ ಆನ್ ಇಟ್ಟರೆ ಅದು ಚಕ್ರ ಜಾರಿದಾಗ ಎಂಜಿನ್ ಶಕ್ತಿಯನ್ನೇ ಕಡಿದು ಹಾಕುತ್ತದೆ, ಮರಳಿ ಕೊಡುವುದು ನಿಧಾನ. ಆಫ್ ಮಾಡಿ, ಆ ಕೆಲಸವನ್ನು ಕಾಲಿಗೆ ಕೊಟ್ಟಿದ್ದು ನನಗೆ ಫಲ ಕೊಟ್ಟಿತು.

ಇಲ್ಲಿ ಎರಡು ಎಚ್ಚರಿಕೆ. ಬ್ರೇಕ್ ಹಿಡಿದು ಆರ್‌ಪಿಎಂ ಏರಿಸಿಟ್ಟಾಗ ಎಂಜಿನ್ ಕೊಡುವ ಶಕ್ತಿಯೆಲ್ಲ ಗೇರ್‌ಬಾಕ್ಸ್ ಎಣ್ಣೆಯನ್ನು ಕಾಯಿಸುತ್ತದೆ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ನಾನು ಸ್ಟೇಜ್ ದೀಪ ಹತ್ತಿದ ಮೇಲೇ ಏರಿಸುವುದು, ಪಕ್ಕದವನು ಸ್ಟೇಜ್ ಆಗುವುದು ತಡವಾದರೆ ಇಳಿಸಿಬಿಡುತ್ತೇನೆ. ಎರಡನೆಯದು, ಇದೆಲ್ಲ ಟಾರ್ಕ್ ಕನ್ವರ್ಟರ್ ಇರುವ ಗಾಡಿಗೆ ಮಾತ್ರ. ಸಿವಿಟಿ (ಗೇರ್ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಅಥವಾ ಡ್ಯುಯಲ್ ಕ್ಲಚ್ (ಎರಡು ಕ್ಲಚ್ ಇರುವ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇದ್ದರೆ ಹೀಗೆ ಮಾಡಬೇಡಿ. ಬೆಲ್ಟ್, ಕ್ಲಚ್ ಹಾಳಾಗಬಹುದು. ಕಾರಿನ ಕೈಪಿಡಿಯಲ್ಲಿ ಏನು ಹೇಳಿದೆ ನೋಡಿ. ಈಗಿನ ಕೆಲವು ಕಾರುಗಳಲ್ಲಿ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಆಕ್ಸಿಲರೇಟರನ್ನು ಕಡಿತ ಮಾಡುತ್ತದೆ. ಅಂಥ ಗಾಡಿಯಲ್ಲಿ ಐಡಲ್‌ನಿಂದಲೇ, ಅಂದರೆ ಆರ್‌ಪಿಎಂ ಏರಿಸದೆ, ಹೊರಡಿ. ಕಂಪ್ಯೂಟರ್ ಜೊತೆ ಜಗಳ ಬೇಡ.

ಗೇರ್ ಬಗ್ಗೆ ಒಂದೇ ಮಾತು: ಡಿಯಲ್ಲೇ ಬಿಡಿ. ಲಿವರ್ ತಟ್ಟಿ ನಾನೇ ಬದಲಾಯಿಸಿ ನೋಡಿದೆ. ತಟ್ಟಿದ್ದಕ್ಕೂ ಗೇರ್ ಬೀಳುವುದಕ್ಕೂ ನಡುವೆ ಒಂದು ಸಣ್ಣ ತಡ ಇರುತ್ತದೆ, ಅದು ಪ್ರತಿ ಸಲ ಬೇರೆ. ಪೂರ್ತಿ ಒತ್ತಿದಾಗ ಗೇರ್‌ಬಾಕ್ಸ್ ತಾನೇ ಕೆಂಪು ಗೆರೆಯ ಹತ್ತಿರ, ಪ್ರತಿ ಸಲ ಅದೇ ಆರ್‌ಪಿಎಂನಲ್ಲಿ ಬದಲಾಯಿಸುತ್ತದೆ.

ಓಟ ಮುಗಿಸಿ ಹಿಂದಿರುಗುವ ದಾರಿಯಲ್ಲಿ ಚೀಟಿ ಸಿಗುತ್ತದೆ. ಎಲ್ಲರೂ ಮೊದಲು ನೋಡುವುದು ಕೆಳಗಿನ ಒಟ್ಟು ಸಮಯ. ನೀವು ಮೇಲಿನಿಂದ ಓದಿ. ಮೊದಲ ಸಾಲು ರಿಯಾಕ್ಷನ್ ಟೈಮ್, ಹಸಿರಾದ ಎಷ್ಟು ಹೊತ್ತಿಗೆ ಕಾರು ಕಿರಣ ಬಿಟ್ಟಿತು ಅಂತ. ಆಮೇಲೆ 60 ಅಡಿ, 330 ಅಡಿ, 660 ಅಡಿ, 1,000 ಅಡಿ, ಕೊನೆಗೆ 1,320. ಜೊತೆಗೆ ಕೊನೆಯ 66 ಅಡಿಯಲ್ಲಿ ಅಳೆದ ಸರಾಸರಿ ವೇಗ.

ಐಡಲ್‌ನಿಂದ ಸುಮ್ನೆ ಒತ್ತಿ ಹೊರಟಾಗ ನನ್ನ 60 ಅಡಿಯ ಸಮಯ 2.51 ಸೆಕೆಂಡ್, ಒಟ್ಟು 16.31, ವೇಗ ಗಂಟೆಗೆ 137 ಕಿಲೋಮೀಟರ್. ಮೇಲೆ ಹೇಳಿದಂತೆ ಹೊರಡುವುದನ್ನು ಕಲಿತ ಮೇಲೆ 60 ಅಡಿ 2.29ಕ್ಕೆ ಇಳಿಯಿತು, ಒಟ್ಟು 15.98. ವೇಗ ಅದೇ 137. ವೇಗ ಬದಲಾಗಿಲ್ಲ ಅಂದರೆ ಎಂಜಿನ್ ಎರಡು ಸಲವೂ ಅಷ್ಟೇ ದುಡಿದಿದೆ. ಮೊದಲ 60 ಅಡಿಯಲ್ಲಿ ಉಳಿದ 0.22 ಸೆಕೆಂಡ್, ಗೆರೆ ತಲುಪುವ ಹೊತ್ತಿಗೆ 0.33 ಆಗಿದೆ. ಶುರುವಿನಲ್ಲೇ ವೇಗ ಸಿಕ್ಕ ಕಾರು ಮುಂದಿನ ಪ್ರತಿ ಅಡಿಯನ್ನೂ ಅಷ್ಟು ಬೇಗ ದಾಟುತ್ತದೆ ಅಲ್ವಾ? ಆ ಸೂತ್ರದ ಪ್ರಕಾರ ಇಷ್ಟು ಸಮಯ ಎಂಜಿನ್‌ನಿಂದ ತೆಗೆಯಬೇಕಾದರೆ ಸುಮಾರು 10 ಅಶ್ವಶಕ್ತಿ ಸೇರಿಸಬೇಕಿತ್ತು. ಚೀಟಿ ನೋಡಿ ಕಾರಿನಲ್ಲೇ ಕೂಗಿಬಿಟ್ಟೆ, ಅಷ್ಟು ಖುಷಿ.

ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಟೈರ್ ಗಾಳಿಯನ್ನೂ ಆರ್‌ಪಿಎಂ ಅನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಚೀಟಿ ಹೇಳಲಾರದು. ಹಾಗೆಯೇ ಗಾಳಿಯ ಬಿಸಿಯನ್ನೂ ಬರೆದಿಡಿ. ಟರ್ಬೋ ಇಲ್ಲದ ಎಂಜಿನ್‌ಗೆ ಬಿಸಿ ಗಾಳಿ, ಎತ್ತರದ ಜಾಗ ಎರಡೂ ಹೊಡೆತ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 3% ಶಕ್ತಿ ಹೋಗುತ್ತದೆ. ಮಧ್ಯಾಹ್ನದ ಸಮಯಕ್ಕೂ ಸಂಜೆ ತಂಪಾದ ಮೇಲಿನ ಸಮಯಕ್ಕೂ ವ್ಯತ್ಯಾಸ ಬಂದರೆ ಅದು ನಿಮ್ಮ ಕೈಚಳಕ ಅಂದುಕೊಳ್ಳಬೇಡಿ, ಕೊನೆಯ ವೇಗವನ್ನೂ ನೋಡಿ. ಓಟಗಳ ನಡುವೆ ನಾನು ಬಾನೆಟ್ ತೆರೆದಿಡುತ್ತೇನೆ. ಸಾಲು ಮುಂದೆ ಸರಿಯುವವರೆಗೆ ಎಂಜಿನ್ ಆಫ್.

ಗೆರೆ ದಾಟಿದ ಮೇಲೆ ಬ್ರೇಕ್ ನಿಧಾನವಾಗಿ, ನೇರವಾಗಿ. ಪಕ್ಕದ ಲೇನ್‌ನವನ ಮುಂದೆ ಎಂದೂ ಅಡ್ಡ ಹೋಗಬೇಡಿ, ಅವನು ಎಲ್ಲಿದ್ದಾನೆ ಅಂತ ಕಣ್ಣಿಗೆ ಕಾಣುವವರೆಗೆ ತಿರುಗಬೇಡಿ.

ಇಂಥ ಕಾರಿಗೆ ಗೆಲ್ಲುವ ದಾರಿಯೂ ಇದೆ, ಅದಕ್ಕೆ ಬ್ರ್ಯಾಕೆಟ್ ರೇಸಿಂಗ್ ಅನ್ನುತ್ತಾರೆ. ನಿಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆ ಅಂತ ನೀವೇ ಮೊದಲು ಹೇಳಿ ಗಾಜಿನ ಮೇಲೆ ಬರೆಯಬೇಕು. ನಾನು 16.00 ಬರೆದು ಎದುರಾಳಿ 12.50 ಬರೆದರೆ ನನಗೆ ಹಸಿರು ದೀಪ 3.50 ಸೆಕೆಂಡ್ ಮೊದಲು ಬರುತ್ತದೆ. ಮೊದಲು ಗೆರೆ ಮುಟ್ಟಿದವನು ಗೆದ್ದ. ಆದರೆ ಬರೆದದ್ದಕ್ಕಿಂತ ಬೇಗ ಮುಗಿಸಿದರೆ ಸೋಲು. ಇಲ್ಲಿ ಬೇಕಾದದ್ದು ಪ್ರತಿ ಸಲ ಒಂದೇ ಸಮಯ, ಜೊತೆಗೆ ಚುರುಕಾದ ರಿಯಾಕ್ಷನ್. ಒಂದೇ ಆರ್‌ಪಿಎಂನಲ್ಲಿ ಗೇರ್ ಬದಲಾಯಿಸುವ, ತೆವಳಿ ಒಂದೇ ಜಾಗದಲ್ಲಿ ನಿಲ್ಲುವ ಆಟೋಮ್ಯಾಟಿಕ್‌ಗೆ ಹೇಳಿ ಮಾಡಿಸಿದ ಆಟ ಇದು. ಇಲ್ಲಿ ತುಂಬಾ ಜನ ಪಳಗಿದ ಓಟಗಾರರೂ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ಇಟ್ಟುಕೊಳ್ಳುತ್ತಾರೆ.

ಹೊರಡುವ ಮುಂಚೆ ನಾಲ್ಕೂ ಟೈರ್‌ಗೆ ಗಾಳಿ ಮೊದಲಿನಂತೆ ತುಂಬಿಸಿ, ನಟ್ ಒಮ್ಮೆ ಬಿಗಿ ನೋಡಿ, ಸ್ಟೆಪ್ನಿ ಮರಳಿ ಇಡಿ, ಟ್ರಾಕ್ಷನ್ ಕಂಟ್ರೋಲ್ ಆನ್ ಆಗಿದೆಯಾ ನೋಡಿ. ಗೇರ್‌ಬಾಕ್ಸ್ ಎಣ್ಣೆಯನ್ನು ಕಂಪನಿ ಹೇಳಿದ ಅವಧಿಗಿಂತ ಬೇಗ ಬದಲಾಯಿಸುವುದು ನನ್ನ ಪದ್ಧತಿ. ಅದೇ ಗಾಡಿ ಮರುದಿನ ಬೆಳಿಗ್ಗೆ ನನ್ನನ್ನು ಕೆಲಸಕ್ಕೆ ಕರೆದೊಯ್ಯಬೇಕು.