ಬತ್ತಿಕೋವಿಯನ್ನು ಗುರುತಿಸುವುದು ಹೇಗೆ?

ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಂದೂಕುಗಳ ಸಾಲಿನ ಮುಂದೆ ನಿಂತಾಗ, ಅವುಗಳ ಉದ್ದವನ್ನಾಗಲಿ ಬೆಳ್ಳಿಯ ಕುಸುರಿಯನ್ನಾಗಲಿ ನೋಡುವ ಮೊದಲು ನಳಿಗೆಯ ಹಿಂತುದಿಯ ಬಲಮಗ್ಗುಲನ್ನು ನೋಡಬೇಕು. ಅಲ್ಲಿ ಪುಟ್ಟ ಬಟ್ಟಲೊಂದು ಕಾಣುತ್ತದೆ. ಅದರ ಬಳಿ ಕಲ್ಲನ್ನು ಕಚ್ಚಿ ಹಿಡಿಯುವ ದವಡೆಯೂ ಆ ಕಲ್ಲು ಬಡಿಯುವ ಉಕ್ಕಿನ ಪಟ್ಟಿಯೂ ಇದ್ದರೆ ಅದು ಚಕಮಕಿ ಬಂದೂಕು. ಅವಿಲ್ಲದೆ, ತುದಿ ಸೀಳಿದ, ಬಾಗಿದ ಕಬ್ಬಿಣದ ಕಡ್ಡಿಯೊಂದು ಬಟ್ಟಲಿನತ್ತ ತಲೆ ಚಾಚಿದ್ದರೆ ಅದು ಬತ್ತಿಕೋವಿ. ಉತ್ತರ ಭಾರತದಲ್ಲಿ ಇದೇ ತೋಡೇದಾರ್.

ಆ ಸೀಳಿನಲ್ಲಿ ಸಿಕ್ಕಿಸುತ್ತಿದ್ದದ್ದು ಪೆಟ್ಲುಪ್ಪಿನ (ಸಿಡಿಮದ್ದಿಗೆ ಬೆರೆಸುವ ಉಪ್ಪು) ನೀರಿನಲ್ಲಿ ನೆನೆಸಿ ಒಣಗಿಸಿದ ಹಗ್ಗದ ಬತ್ತಿ. ಅದು ಉರಿಯದೆ ಕೆಂಡವಾಗಿ ನಿಧಾನಕ್ಕೆ ಸವೆಯುತ್ತದೆ. ಕುದುರೆಯನ್ನು, ಅಂದರೆ ಬೆರಳಿನಿಂದ ಎಳೆಯುವ ಟ್ರಿಗರನ್ನು, ಎಳೆದಾಗ ಕಡ್ಡಿ ಬಾಗಿ ಕೆಂಡವನ್ನು ಬಟ್ಟಲಿನ ಮದ್ದಿಗೆ ಮುಟ್ಟಿಸುತ್ತದೆ, ಕಿಡಿ ನಳಿಗೆಯ ಪಕ್ಕದ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ತಗಲುತ್ತದೆ. ಆ ತೂತನ್ನು ಹತ್ತಿರದಿಂದ ನೋಡಿ: ಹೆಚ್ಚು ಬಳಸಿದ ಕೋವಿಯಲ್ಲಿ ಅದರ ಅಂಚು ಬೆಂಕಿಗೆ ಸವೆದು ಅಗಲವಾಗಿರುತ್ತದೆ. ಬಟ್ಟಲಿಗೆ ಪಕ್ಕಕ್ಕೆ ಸರಿಯುವ ಮುಚ್ಚಳವಿದೆಯೇ ಎಂಬುದನ್ನೂ ಗಮನಿಸಿ. ಗಾಳಿ, ಮಳೆ, ಅಡ್ಡಾದಿಡ್ಡಿ ಕಿಡಿ ಇವುಗಳಿಂದ ಮದ್ದನ್ನು ಕಾಯುತ್ತಿದ್ದದ್ದು ಅದೇ.

ಈ ಕಡ್ಡಿಯ ಬೆಲೆ ತಿಳಿಯಬೇಕಾದರೆ ಅದಕ್ಕೂ ಹಿಂದಿನ ಕೈಕೋವಿಯನ್ನು ನೆನೆಯಬೇಕು. ಒಂದು ಕೈಯಲ್ಲಿ ಕೋವಿ, ಇನ್ನೊಂದರಲ್ಲಿ ಕೆಂಡ ಹಿಡಿದವನ ಕಣ್ಣು ತೂತಿನ ಮೇಲಿರಬೇಕಾಗಿತ್ತು, ಶತ್ರುವಿನ ಮೇಲಲ್ಲ. ವಿಯೆನ್ನಾದಲ್ಲಿರುವ 1411ರ ಹಸ್ತಪ್ರತಿಯೊಂದರ ಚಿತ್ರದಲ್ಲಿ ಇಂಥ ಕಡ್ಡಿ ಕಾಣಿಸುತ್ತದೆ. ಗುರಿ ಹಿಡಿದು ಹೊಡೆಯುವುದು ಸುಲಭವಾದದ್ದು ಆಮೇಲೆಯೇ. 1520ರಲ್ಲಿ ಕೃಷ್ಣದೇವರಾಯನ ಸೇನೆ ರಾಯಚೂರು ಕೋಟೆಯನ್ನು ಮುತ್ತಿದಾಗ, ಅವನ ಜೊತೆಗಿದ್ದ ಪೋರ್ಚುಗೀಸ್ ಕೋವಿಕಾರರು ಗೋಡೆಯ ಮೇಲಿನವರನ್ನು ಹೊಡೆದುರುಳಿಸಿದರೆಂದೂ, ಕೋವಿಯಿಂದ ಜನ ಸಾಯುವುದನ್ನು ಕಾಣದ ಆ ರಕ್ಷಕರು ಅಂಜದೆ ಮೈ ತೋರಿಸಿ ನಿಂತಿದ್ದರೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. 1543ರಲ್ಲಿ ಪೋರ್ಚುಗೀಸರಿಂದಲೇ ಇಂಥ ಕೋವಿ ಜಪಾನಿನ ತಾನೆಗಾಶಿಮಾ ದ್ವೀಪವನ್ನು ತಲುಪಿತು.

ಕೋವಿ ಯಾವ ನಾಡಿನದೆಂದು ಗುರುತಿಸಲು ಕಡ್ಡಿ ಬಾಗುವ ದಿಕ್ಕು ನೆರವಾಗುತ್ತದೆ. ಯುರೋಪಿನ ಸೈನಿಕ ಕೋವಿಗಳಲ್ಲಿ ಅದು ಸಾಮಾನ್ಯವಾಗಿ ಹೊಡೆಯುವವನ ಕಡೆಗೆ ಬೀಳುತ್ತದೆ. ಜಪಾನಿನದರಲ್ಲಿ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಬಡಿಯುತ್ತದೆ. ತೋಡೇದಾರಿನಲ್ಲಿ ಅದು ಮರದ ಹಿಡಿಯ ಸೀಳಿನೊಳಗಿಂದ ಎದ್ದು, ಬೆರಳು ಎಳೆದಷ್ಟೇ ಮುಂದಕ್ಕೆ ಬಾಗುತ್ತದೆ. ಆದರೆ ಕಾಲವನ್ನು ಕಡ್ಡಿಯಿಂದ ಹೇಳಹೋಗಬಾರದು: ಯುರೋಪಿನ ಸೇನೆಗಳು 1700ರ ಹೊತ್ತಿಗೆ ಬಹುಮಟ್ಟಿಗೆ ಕೈಬಿಟ್ಟ ಈ ವಿಧಾನ ಭಾರತದಲ್ಲಿ 19ನೆಯ ಶತಮಾನದವರೆಗೂ ಬಳಕೆಯಲ್ಲಿತ್ತು. ಕಲ್ಲು ಮತ್ತು ಸ್ಪ್ರಿಂಗಿನ ಖರ್ಚಿಲ್ಲದ, ಊರ ಕಮ್ಮಾರನೇ ರಿಪೇರಿ ಮಾಡಬಲ್ಲ ಕೋವಿಯನ್ನು ಜನ ಉಳಿಸಿಕೊಂಡದ್ದು ಹಿಂದುಳಿದ ಲಕ್ಷಣವೆಂದು ನಾನು ಒಪ್ಪುವುದಿಲ್ಲ.

ಇಂಥ ಕೋವಿ ಮನೆಯ ಅಟ್ಟದಲ್ಲೇ ಸಿಕ್ಕಿದರೆ, ಅದರೊಳಗೆ ಮದ್ದುಗುಂಡು ಇದೆಯೆಂದೇ ತಿಳಿಯಬೇಕು. ಕರಿಮದ್ದು ಒಣಗಿದ್ದರೆ ದಶಕಗಳ ಮೇಲೂ ಸಿಡಿಯಬಲ್ಲದು. ಬಾಯಿ ಇಟ್ಟು ಊದದೆ, ಗಜ (ಮದ್ದು ಜಡಿಯುವ ಕೋಲು) ಹಾಕಿ ಕೆದಕದೆ, ದೀಪ ಹತ್ತಿರ ತಾರದೆ, ಪರವಾನಗಿ ಇರುವ ಬಂದೂಕು ರಿಪೇರಿಯವರಿಗೋ ಪೊಲೀಸರಿಗೋ ತಿಳಿಸಿ, ಅವರು ಬರುವವರೆಗೆ ಅದನ್ನು ಇದ್ದಲ್ಲೇ ಬಿಡಬೇಕು.